ಏಳರಿಂದ ಹತ್ತಕ್ಕೆ ಎಷ್ಟು ತಾಸು

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಮೊದಲ ಸಲ ಕೂತಾಗ ನಾನು ಗಣಿತದಲ್ಲಿ ನಪಾಸಾದೆ. ಮಗ್ಗಿ, ಭಾಗಾಕಾರ, ತೂಕ, ಅಳತೆ ಎಲ್ಲ ಬರುತ್ತಿತ್ತು. ಬಾರದೆ ಹೋದದ್ದು ವೇಳೆಯ ಲೆಕ್ಕ. ಇಂಥ ಹೊತ್ತಿಗೆ ಹೊರಟವನು ಇಂಥ ಹೊತ್ತಿಗೆ ಊರು ಮುಟ್ಟಿದರೆ ದಾರಿಯಲ್ಲಿ ಎಷ್ಟು ತಾಸು ಕಳೆದ ಎಂದು ಕೇಳಿದರೆ ನನ್ನ ಉತ್ತರ ತಪ್ಪುತ್ತಿತ್ತು. ಎಲ್ಲಿ ತಪ್ಪಿದೆ ಎಂಬುದೂ ತಿಳಿಯುತ್ತಿರಲಿಲ್ಲ.

ನಮ್ಮದು ಬನಹಟ್ಟಿ. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಮಗ್ಗುಲಿನ ರಬಕವಿ ಬೇರೆ ರಾಜರದ್ದು. ಮನೆಯಲ್ಲಿ ಎರಡು ಮಗ್ಗಗಳಿದ್ದವು. ಮದುವೆಯಾದ ಎರಡನೆಯ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ನಾನು ತವರಿಗೆ ಮರಳಿದ್ದೆ. ಅವ್ವ ನನ್ನನ್ನು ರಾಟಿಯ ಮುಂದೆ ಕೂರಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಹಚ್ಚಿದಳು. ನೂಲಿನ ಮೇಲೆ ಕಣ್ಣಿಟ್ಟು ಕೂತರೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ನನಗೂ ಅದೇ ಬೇಕಾಗಿತ್ತು.

ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯನ್ನು ಊರೆಲ್ಲ ಬಾಯಿಯವರು ಎಂದು ಕರೆಯುತ್ತಿತ್ತು. ಮದುವೆಗೆ ಮುಂಚೆ ನಾನು ಅವರ ಹತ್ತಿರ ಕಲಿತವಳು. ಒಂದು ದಿನ ಅವರು ಸೀರೆ ಕೊಳ್ಳಲು ಮನೆಗೆ ಬಂದರು. ಸೀರೆ ನೋಡುವುದನ್ನು ಬಿಟ್ಟು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಅಪ್ಪನಿಗೆ, ಇವಳು ಮುಲ್ಕಿ ಪಾಸಾದರೆ ಶಾಲೆಯಲ್ಲಿ ಕಲಿಸುವ ಕೆಲಸ ಸಿಗುತ್ತದೆ, ಓದಿಸುವ ಹೊಣೆ ನನ್ನದು ಎಂದರು. ಓಣಿಯವರು ಏನಂದಾರು ಎಂದು ಅವ್ವ ಒಳಗಿನಿಂದಲೇ ಗೊಣಗಿದಳು. ಅಪ್ಪ ಮಗ್ಗದ ಮೇಲಿಂದ ಏಳದೆ ಹೇಳಿದ, “ಓದಲಿ ಬಿಡು. ಮೂಲ್ಯಾಗ ಕುಂತು ಏನ ಮಾಡತಾಳ?”

ಹಾಗೆ ಓದಿಯೂ ನಪಾಸಾದಾಗ ನಾನು ಪುಸ್ತಕಗಳನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿ, ಮತ್ತೆ ರಾಟಿಯ ಮುಂದೆ ಕೂತೆ. ಶಾಲೆಗೆ ಬರಲೊಲ್ಲದವಳನ್ನು ಹುಡುಕಿಕೊಂಡು ಬಾಯಿಯವರೇ ಬಂದರು. ಬೈಯಲಿಲ್ಲ. ಚಾಪೆಯ ಮೇಲೆ ಕೂತು, ಏಳಕ್ಕೆ ಮಗ್ಗಕ್ಕೆ ಕೂತವನು ಹತ್ತಕ್ಕೆ ಎದ್ದರೆ ಎಷ್ಟು ತಾಸು ನೇಯ್ದ ಹಾಗಾಯಿತು ಎಂದು ಕೇಳಿದರು. ನಾನು ಬೆರಳು ಮಡಿಸಿದೆ. ಏಳು, ಎಂಟು, ಒಂಬತ್ತು, ಹತ್ತು. ನಾಲ್ಕು ಎಂದೆ.

“ಏಳನ್ನ ಯಾಕ ಎಣಸಿದಿ?”

“ಮೊದಲನೇದ್ದೂ ಹಿಡೀಬೇಕಲ್ರಿ,” ಎಂದೆ.

ನಮ್ಮಲ್ಲಿ ಎಣಿಸುವುದೇ ಹಾಗೆ ಎಂದು ಅವರಿಗೆ ಹೇಳಿದೆ. ಕೂಸು ಹುಟ್ಟಿದರೆ ಹುಟ್ಟಿದ ದಿನವೇ ಮೊದಲನೆಯದು. ಗಂಡ ಹೋದ ದಿನವನ್ನೂ ಅತ್ತೆ ಮೊದಲನೆಯದೆಂದೇ ಹಿಡಿದಿದ್ದಳು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ, ಇಂದಿಗೆ ಇಷ್ಟನೆಯ ದಿನ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ಕತ್ತಲೆ ಕೋಣೆಯಲ್ಲಿ ಕೂತು ಅವಳ ಜೊತೆ ಬೆರಳು ಮಡಿಸುತ್ತಿದ್ದೆ. ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಗಣಿತದ ಮಾತಿನಲ್ಲಿ ಅದು ಹೇಗೋ ಬಾಯಿಗೆ ಬಂದುಬಿಟ್ಟಿತು.

ಬಾಯಿಯವರು ನನ್ನ ಎಡಗೈ ಹಿಡಿದು ಹೆಬ್ಬೆರಳನ್ನು ಒಳಗೆ ಮಡಿಸಿ, ಉಳಿದ ನಾಲ್ಕು ಬೆರಳುಗಳನ್ನು ಅಗಲಿಸಿದರು.

“ಅದು ದಿನಾ ಎಣಸೂದು, ಇದು ಬ್ಯಾರೆ. ಇಲ್ಲಿ ಬಟ್ಟು ಎಣಸಬ್ಯಾಡವಾ. ಬಟ್ಟಿನ ನಡುವಿನ ಸಂದ ಎಣಸು.”

ಬೆರಳು ನಾಲ್ಕು, ಸಂದು ಮೂರು. ಏಳರಿಂದ ಎಂಟಕ್ಕೆ ಒಂದು, ಎಂಟರಿಂದ ಒಂಬತ್ತಕ್ಕೆ ಒಂದು, ಒಂಬತ್ತರಿಂದ ಹತ್ತಕ್ಕೆ ಒಂದು. ಎಷ್ಟು ಸರಳವಾಗಿತ್ತೆಂದರೆ ನನಗೆ ನಗು ಬಂತು. ತವರಿಗೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲಿರಬೇಕು; ಅಡಿಗೆಮನೆಯಿಂದ ಅವ್ವ ಹೊರಗೆ ಬಂದು ನೋಡಿ ಹೋದಳು.

ಹಗಲಿನ ಲೆಕ್ಕ ಹಾಗೆ ಸುಧಾರಿಸಿತು, ರಾತ್ರಿಯದು ಉಳಿಯಿತು. ಪುಸ್ತಕದ ತುಂಬ ರೈಲುಗಳು. ಸಂಜೆ ಹೊರಟದ್ದು ಮರುದಿನ ಬೆಳಗ್ಗೆ ಮುಟ್ಟುತ್ತಿತ್ತು. ನಾನು ದೊಡ್ಡ ಅಂಕಿಯಲ್ಲಿ ಸಣ್ಣದನ್ನು ಕಳೆದು, ಇಡೀ ರಾತ್ರಿಯ ಪ್ರಯಾಣವನ್ನು ಎರಡು ಮೂರು ತಾಸಿಗೆ ಮುಗಿಸಿಬಿಡುತ್ತಿದ್ದೆ. ನಾನು ರೈಲು ನೋಡಿದವಳೂ ಅಲ್ಲ ಎಂದು ಅಪ್ಪನ ಮುಂದೆ ಅಂದಾಗ, ನೂಲಿನ ಪಿಂಡಿ ತರಲು ಕುಡಚಿ ಸ್ಟೇಶನ್ನಿಗೆ ಹೊರಟಿದ್ದ ಅವನು ನನ್ನನ್ನೂ ಚಕ್ಕಡಿಯಲ್ಲಿ ಕೂರಿಸಿಕೊಂಡ.

ಆ ದಿನ ತೇರದಾಳದಲ್ಲಿ ಅಪ್ಪನ ಪರಿಚಯದ ಜೈನರ ಮನೆಯಲ್ಲಿ ಇಳಿದುಕೊಂಡೆವು. ಹೊತ್ತು ಮುಳುಗುವ ಮೊದಲೇ ಊಟವಾಯಿತು. ನಸುಕಿನಲ್ಲಿ ಎದ್ದು ಹೊರಟು ಕುಡಚಿ ಮುಟ್ಟಿದಾಗ ರೈಲು ಇನ್ನೂ ಬಂದಿರಲಿಲ್ಲ. ಬರುವ ವೇಳೆ ದಾಟಿತ್ತು. ಪುಸ್ತಕದ ರೈಲು ಒಮ್ಮೆಯೂ ತಡವಾಗಿ ಬಂದದ್ದಿಲ್ಲವಲ್ಲ ಎಂದುಕೊಂಡು ನಾನು ಗೋಡೆಯ ದೊಡ್ಡ ಗಡಿಯಾರದ ಎದುರು ನಿಂತೆ. ಅದರ ಮುಳ್ಳು ಸರಿಯುವುದನ್ನು ಬರಿಗಣ್ಣಿನಿಂದ ಹಿಡಿಯಬೇಕೆಂದು ಹಟದಿಂದ ನೋಡಿದೆ, ಆಗಲಿಲ್ಲ.

ಕೊನೆಗೆ ರೈಲು ಬಂತು. ನೆಲ ನಡುಗಿತು, ಹೊಗೆ ಕಣ್ಣಿಗೆ ಹೋಯಿತು. ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು ಇಳಿದು ನನ್ನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು. ತನ್ನವರು ಗಾಡಿ ತರುವವರೆಗೆ ಕಾಯುತ್ತಿದ್ದಳು. ಎಲ್ಲಿಂದ ಬಂದಿರಿ ಎಂದು ಕೇಳಿದೆ.

“ಪುಣಾದಾಗ ನಿನ್ನಿ ಸಂಜಿ ಆರಕ್ಕ ಹತ್ತಿದಿವ್ರಿ. ಹನ್ನೆರಡರ ತನಕಾ ಈ ಕೂಸು ಮಲಗಲಿಲ್ಲ. ಆಮ್ಯಾಲ ಎಲ್ಲಾರಿಗೂ ನಿದ್ದಿ ಹತ್ತಿತು.”

ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ನನ್ನ ಮನಸ್ಸು ಹನ್ನೆರಡರ ಹತ್ತಿರವೇ ನಿಂತುಬಿಟ್ಟಿತು. ಆರರಿಂದ ಹನ್ನೆರಡರವರೆಗೆ ಅತ್ತ ಕೂಸು, ಅದು ಆರು ತಾಸು. ಹನ್ನೆರಡರಿಂದ ಈಗಿನವರೆಗೆ ಬೇರೆ. ಗಡಿಯಾರ ನೋಡಿದೆ, ಹನ್ನೊಂದಾಗಿತ್ತು. ಎರಡನ್ನೂ ಕೂಡಿಸಿ, ಹಾಗಾದರೆ ನೀವು ಹದಿನೇಳು ತಾಸು ಕೂತಿರಿ ಎಂದೆ.

“ನಂಗ ಹದಿನೇಳು ದಿನಾ ಆದಂಗ ಆಗೈತಿ,” ಎಂದಳು ಅವಳು. ಸೆರಗಿನಿಂದ ಕೂಸಿನ ಮೂಗು ಒರೆಸುತ್ತ ನನ್ನತ್ತ ವಿಚಿತ್ರವಾಗಿ ನೋಡಿದಳು. ಮರಳುವ ದಾರಿಯುದ್ದಕ್ಕೂ ನಾನು ಅಪ್ಪನಿಗೆ ಲೆಕ್ಕ ಕೇಳಿದೆ. ಎರಡಕ್ಕೆ ಉತ್ತರ ಕೊಟ್ಟು, ಮೂರನೆಯದಕ್ಕೆ ಅವನು ಎತ್ತುಗಳ ಜೊತೆ ಮಾತಾಡತೊಡಗಿದ.

ಮರುವರ್ಷ ಜಮಖಂಡಿಯಲ್ಲಿ ಮತ್ತೆ ಪರೀಕ್ಷೆಗೆ ಕೂತೆ. ರಾತ್ರಿಯ ರೈಲು ಬಂದಿತ್ತು, ಅದನ್ನು ಮೊದಲೇ ಮುಗಿಸಿದೆ. ಇನ್ನೊಂದು ಪ್ರಶ್ನೆ, ಗಡಿಯಾರ ಆರು ಬಾರಿಸಲು ಐದು ಸೆಕೆಂಡು ಹಿಡಿದರೆ ಹನ್ನೆರಡು ಬಾರಿಸಲು ಎಷ್ಟು ಎಂದು. ಎರಡು ಪಟ್ಟು ಎಂದು ಹತ್ತು ಬರೆದೆ. ಬರೆದ ಮೇಲೆ ಸಮಾಧಾನವಾಗಲಿಲ್ಲ. ಎಡಗೈ ಅಗಲಿಸಿ ನೋಡಿಕೊಂಡೆ. ಆರು ಬಡಿತದ ನಡುವೆ ಐದು ಸಂದು. ಹನ್ನೆರಡರ ನಡುವೆ ಹನ್ನೊಂದು. ಹತ್ತನ್ನು ಹೊಡೆದುಹಾಕಿ ಹನ್ನೊಂದು ಮಾಡಿದೆ. ಕಾಗದ ಕೊಟ್ಟು ಬಂದ ಮೇಲೂ, ಹೊಡೆಯದೆ ಬಿಡಬೇಕಾಗಿತ್ತೇನೋ ಎಂದು ತಿಂಗಳುಗಟ್ಟಲೆ ಅನಿಸುತ್ತಿತ್ತು.

ಫಲಿತಾಂಶ ತಂದವರು ಬಾಯಿಯವರೇ. ಅವ್ವ ಜೋಳ ಬೀಸುತ್ತಿದ್ದಳು. ನಾನು ಪಾಸಾದೆ ಎಂಬುದನ್ನು ಕೇಳಿಯೂ ಬೀಸುವುದನ್ನು ನಿಲ್ಲಿಸಲಿಲ್ಲ. ಕಲ್ಲಿಗೆ ಹಾಕಿದ ಜೋಳ ಮುಗಿಸಿ, ಹಿಟ್ಟು ಬಳಿದು, ಕೈ ತೊಳೆದುಕೊಂಡು ಬಂದು ಎಲ್ಲರ ಕೈಗೆ ಬೆಲ್ಲ ಕೊಟ್ಟಳು. ಆಮೇಲೆ ಬಾಗಿಲ ಹತ್ತಿರ ನಿಂತು ಬಾಯಿಯವರನ್ನು ಮೆಲ್ಲಗೆ ಕೇಳಿದಳು, “ಇನ್ನ ಈಕೀಗೂ ಬಾಯಾರ ಅಂತ ಕರೀತಾರೇನ್ರಿ?”

“ಕರೀಬೇಕಾಗತೈತ್ರಿ,” ಎಂದರು ಅವರು.

ಅವ್ವ ಅಡಿಗೆಮನೆಗೆ ಹೋಗಿ ಒಲೆಗೆ ಪುಳ್ಳೆ ತುರುಕುತ್ತ, ಯಾರಿಗೂ ಕೇಳದ ಹಾಗೆ ಆ ಹೆಸರಿನಿಂದ ನನ್ನನ್ನು ಒಮ್ಮೆ ಕರೆದು ನೋಡಿದಳು. ನಾನು ಗೋಡೆಯ ಈಚೆ ಇದ್ದೆ.