ದೊಡ್ಡಜ್ಜಿ ಓದಿದ್ದು ಸರಿಯಾಗಿತ್ತು

ಅವ್ವಿ, ಅಪ್ಪಿ, ಕಳೆದ ರವಿವಾರ ನೀವಿಬ್ಬರೂ ಅಜ್ಜನ ರೆಕಾರ್ಡುಗಳನ್ನು ಹಾಸಿಗೆಯ ಮೇಲೆ ಹರವಿಕೊಂಡು ಫೋನಿನಲ್ಲಿ ಪಟ್ಟಿ ಮಾಡುತ್ತಿದ್ದಿರಿ. ದೊಡ್ಡಜ್ಜಿ ಒಂದು ಕವರು ಎತ್ತಿಕೊಂಡು ಅದರ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿ, "ಇದು ನಾಕು ಸ್ಪೀಕರಿಂದು," ಎಂದಳು. ಅಜ್ಜನ ನೋಟುಬುಕ್ಕಿನಲ್ಲಿ ಅದೇ ರೆಕಾರ್ಡಿನ ಮುಂದೆ 'ಸಾದಾ' ಎಂದಿತ್ತು.

"ಅಜ್ಜ ಬರದದ್ದು ತಪ್ಪಾಗೂದಿಲ್ಲ ದೊಡ್ಡಜ್ಜಿ, ನೀನ ತಪ್ಪು ಓದೀದಿ," ಎಂದು ಅಪ್ಪಿ ನಕ್ಕ. ಅವಳು ಕವರು ಕೆಳಗಿಟ್ಟು ಕಟ್ಟೆಗೆ ಹೋಗಿ ಕೂತಳು. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ. ನಾಲ್ಕು ಜನರೆದುರು ಮಾತಾಡುವ ಧೈರ್ಯ ನನಗೆ ಎಂದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡಜ್ಜಿ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಧಾರವಾಡದ ಕಾನ್ವೆಂಟಿನಲ್ಲಿ ಕಲಿತವಳು. ನಾನು ಶಿರಗುಪ್ಪಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಹಳೇ ಹುಬ್ಬಳ್ಳಿಯ ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಔಷಧದ ಬಾಟಲಿಯ ಮೇಲಿನ ಹೆಸರು ಓದಲಾಗದೆ ನಿಂತಿದ್ದೆ. "ಯಾಕ ತಂಗಿ, ಶಿರಗುಪ್ಪಿಗೆ ಎಬಿಸಿಡಿ ಇನ್ನೂ ಬಂದಿಲ್ಲೇನ?" ಎಂದು ಅವಳು ನಕ್ಕಿದ್ದಳು. ಮರುಗಳಿಗೆಯೇ ಅವಳದನ್ನು ಮರೆತಳು. ನಾನು ಮರೆಯಲಿಲ್ಲ.

ಅಜ್ಜನ ರೇಡಿಯೋ, ಟಿ.ವಿ. ರಿಪೇರಿ ನಿಮಗೆ ಗೊತ್ತು. ಅಂಗಡಿಯ ಕೆಲಸ ಕಡಿಮೆಯಾದ ಮೇಲೆ ಅವರಿಗೆ ಹಳೇ ಪರದೇಶಿ ರೆಕಾರ್ಡುಗಳ ಹುಚ್ಚು ಹತ್ತಿತು. ಗುಜರಿಯಿಂದ ಡಬ್ಬಿಗಟ್ಟಲೆ ತರುತ್ತಿದ್ದರು. ಅವುಗಳಲ್ಲಿ ಕೆಲವು ನಾಲ್ಕು ಸ್ಪೀಕರಿನಲ್ಲಿ ಕೇಳಲೆಂದು ಮಾಡಿದವು. ರೆಕಾರ್ಡಿನ ಗೆರೆಗೆ ಇರುವುದು ಎರಡೇ ಗೋಡೆ. ಅದರಲ್ಲೇ ನಾಲ್ಕು ದನಿಗಳನ್ನು ಮಡಚಿ ತುಂಬಿರುತ್ತಾರೆ. ಒಂದೊಂದು ಕಂಪನಿ ಒಂದೊಂದು ರೀತಿ ಮಡಚಿತ್ತು. ಯಾವ ರೀತಿ ಎಂದು ತಿಳಿಯದೆ ಬಿಚ್ಚಿದರೆ, ಹಿಂದೆ ನುಡಿಯಬೇಕಾದ ಡೋಲು ಮುಂದೆ ಬಂದು ಹಾಡುವವನ ತಲೆಯ ಮೇಲೆ ಕೂಡುತ್ತದೆ. ಅದನ್ನು ಗುರುತಿಸಿ ಬರೆದಿಡುವುದೇ ಅಜ್ಜನ ರವಿವಾರದ ಕೆಲಸ.

ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು, ನಾಲ್ಕೂ ದನಿ ಕೂಡುವ ನಡುಜಾಗದಲ್ಲಿ ಒಂದು ಬೆತ್ತದ ಕುರ್ಚಿ. ಅಜ್ಜನಿಗೂ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ; ಆ ಕುರ್ಚಿಯಲ್ಲಿ ದೊಡ್ಡಜ್ಜಿ ಕೂತು ಕವರು ಓದುತ್ತಿದ್ದಳು. ಅಜ್ಜ ಬರೆದುಕೊಂಡು, ರಿಪೇರಿಗೆ ಬಳಸುತ್ತಿದ್ದ, ದನಿಯನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ತೆರೆಯ ಮೇಲೆ ತಾಳೆ ನೋಡುತ್ತಿದ್ದರು. ನಾನು ರೆಕಾರ್ಡು ಒರೆಸಿ ಕವರಿಗೆ ಹಾಕುವವಳು, ಚಹಾ ತರುವವಳು.

"ವೈನಿ, ನೀವಿಲ್ಲಂದ್ರ ನಾ ಕಣ್ಣಿದ್ದೂ ಕುರುಡ ನೋಡ್ರಿ," ಎಂದು ಅಜ್ಜ ಅತ್ತಿಗೆಗೆ ಹೇಳುತ್ತಿದ್ದರು.

"ನಿಮ್ಮಣ್ಣಗ ಇಷ್ಟು ಹೇಳೋ ಮಾರಾಯಾ, ಅವರಿಗೆ ನನ್ನ ಕಿಮ್ಮತ್ತು ಗೊತ್ತಿಲ್ಲ. ಏ ತಂಗಿ, ಚಾದಾಗ ಸಕ್ರಿ ಕಡಿಮಿ ಹಾಕು."

ತಪ್ಪು ತಿಳಿಯಬೇಡಿ, ಅವರಿಬ್ಬರ ಮೇಲೆ ನನಗೆ ಯಾವ ಸಂಶಯವೂ ಇರಲಿಲ್ಲ. ಆದರೆ ನನ್ನ ಗಂಡನಿಗೆ ಅತ್ಯಂತ ಪ್ರೀತಿಯ ಕೆಲಸದಲ್ಲಿ ನನ್ನಿಂದ ಅವರಿಗೆ ಏನೂ ಬೇಕಾಗಿರಲಿಲ್ಲ. ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಾಗ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಒಮ್ಮೆ ನಾನು ಕವರುಗಳನ್ನು ತಲೆಕೆಳಗಾಗಿ ಜೋಡಿಸಿದ್ದೆ. ದೊಡ್ಡಜ್ಜಿ ನೋಡಿ, "ಪಾಪ, ಅಕಿಗೆ ತಲಿ ಯಾವುದು, ಕಾಲು ಯಾವುದು ಎಲ್ಲಾ ಒಂದಽ," ಎಂದಳು. ಅಜ್ಜ ನಕ್ಕರು. ಅವಳು ಅಂದದ್ದಕ್ಕಿಂತ ಅವರು ನಕ್ಕದ್ದು ಹೆಚ್ಚು ನೋಯಿಸಿತು.

ಅವತ್ತು ಒರೆಸಲು ಬಂದದ್ದರಲ್ಲಿ ಒಂದೇ ಹಾಡುಗಳ ಎರಡು ರೆಕಾರ್ಡುಗಳಿದ್ದವು. ಎರಡೂ ಕವರಿನ ಮೇಲೆ ಹಳದಿ ಕೊಡೆ ಹಿಡಿದ ಹೆಂಗಸಿನ ಚಿತ್ರ. ಒಂದು ಸಾದಾ ಸ್ಟೀರಿಯೋ, ಇನ್ನೊಂದು ನಾಲ್ಕು ಸ್ಪೀಕರಿನದು. ಕವರಿನ ಸಣ್ಣ ಅಕ್ಷರಗಳನ್ನು ಬಿಟ್ಟರೆ, ರೆಕಾರ್ಡಿನ ನಡುವೆ ಕೊರೆದ ನಂಬರಿನಲ್ಲಿ ಮಾತ್ರ ವ್ಯತ್ಯಾಸ: ನಾಲ್ಕರದ್ದರಲ್ಲಿ ಒಂದು ಅಕ್ಷರ ಹೆಚ್ಚು, ಬಾಲವಿರುವ ಸೊನ್ನೆಯ ಹಾಗೆ. ಕವರು ಕೈಯಲ್ಲಿದ್ದಾಗ ಅವರಿಬ್ಬರೂ ಆ ನಂಬರಿನ ಕಡೆ ನೋಡುತ್ತಿರಲಿಲ್ಲ. ಒರೆಸುವ ನನಗೆ ಅದು ಗೊತ್ತಿತ್ತು. ಒಂದರ ರೆಕಾರ್ಡನ್ನು ಇನ್ನೊಂದರ ಕವರಿಗೆ ಹಾಕಿದೆ.

ಮುಂದಿನ ರವಿವಾರ ದೊಡ್ಡಜ್ಜಿ ಕವರು ಓದಿ ನಾಲ್ಕು ಸ್ಪೀಕರಿನದೆಂದಳು, ಮಡಚಿದ ರೀತಿಯ ಹೆಸರನ್ನೂ ಹೇಳಿದಳು. ಆ ರೀತಿಯದಾದರೆ ತೆರೆಯ ಮೇಲೆ ಗುಂಡಗೆ ಬಳೆ ಮೂಡಬೇಕು. ಮೂಡಿದ್ದು ಸಿಕ್ಕಾದ ದಾರದ ಉಂಡೆ ಮಾತ್ರ. ಅಜ್ಜ ಸೂಜಿ ಬದಲಿಸಿದರು. ದನಿ ಬಿಚ್ಚುವ ಪೆಟ್ಟಿಗೆಯನ್ನೇ ಕಳಚಿ ಎರಡು ದಿನ ಬೆಸುಗೆ ಹಾಕಿದರು. ಬೇರೆ ರೆಕಾರ್ಡು ಹಚ್ಚಿದರೆ ಬಳೆ ಚೆನ್ನಾಗಿ ಬಂತು.

"ಮಶೀನ ಬರೋಬರಿ ಐತಿ. ವೈನಿ, ಇನ್ನೊಮ್ಮೆ ಓದ್ರಿ."

"ಅದಽ ಅದ. ಎಷ್ಟು ಸಲ ಓದಲಿ?"

"ಗಡಿಬಿಡಿಯಾಗ ಓದೀರಿ ಕಾಣಸ್ತದ. ಎರಡು ದಿನ ಹಾಳಾತು. ಇನ್ನ ಮ್ಯಾಲೆ ಓದೂದು ಬ್ಯಾಡ್ರಿ, ನಾ ತೆರಿ ನೋಡೇ ಬರಕೊಂತೇನಿ."

"ಅಂದ್ರ ನನಗ ಓದಾಕ ಬರೂದಿಲ್ಲ ಅಂದಂಗಾತು."

"ಹಂಗಲ್ರಿ ವೈನಿ—"

"ಇರಲಿ ಬಿಡಪಾ." ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಅಜ್ಜ 'ಸಾದಾ' ಎಂದು ಬರೆದರು. ಆಮೇಲಿನ ಯಾವ ರವಿವಾರವೂ ಅವಳು ಆ ಕೋಣೆಗೆ ಬರಲಿಲ್ಲ. ಖರೇ ಹೇಳುತ್ತೇನೆ, ಅವತ್ತು ನನಗೆ ಹಬ್ಬವಾಗಿತ್ತು.

ಎರಡು ವಾರ ಬಿಟ್ಟು ಅಜ್ಜ ನನ್ನನ್ನು ಕರೆದರು. "ಬಾ, ಇಲ್ಲಿ ಕುಂದ್ರು. ತೆರಿ ಮ್ಯಾಲೆ ಏನ ಬಂತು ಹೇಳು, ಸಾಕು." ಹೀಗೆ ನಾನೂ ಕಲಿತೆ. ಹಿಂದಿನ ಮೂಲೆಯ ವಾದ್ಯವೊಂದೇ ನುಡಿದಾಗ ಬಳೆ ಬಂದರೆ ಒಂದು ರೀತಿ. ಓರೆಯಾಗಿ ಬಿದ್ದ ಕಡ್ಡಿ ಬಂದರೆ ಇನ್ನೊಂದು. ಹಾಡು ನಿಂತ ಮೇಲೂ ತೆರೆಯ ಗೆರೆಯ ಮೇಲೆ ನೊರೆಯಂಥ ನವಿರು ಉಳಿದರೆ ಮೂರನೆಯದು; ಅದಕ್ಕೆ ಬೇರೆ ಸೂಜಿಯೇ ಬೇಕು. ಇಂಗ್ಲಿಷಿನ ಹಂಗಿಲ್ಲ. ಅಜ್ಜ ಇರುವವರೆಗೆ ನಾಲ್ಕು ವರ್ಷ ಆ ಕುರ್ಚಿ ನನ್ನದಾಗಿತ್ತು.

ಆದರೂ ಉರಿ ಆರಲಿಲ್ಲ. ಹೊಸ ಕವರು ಬಂದಾಗಲೆಲ್ಲ ಅಜ್ಜ ಅದನ್ನು ಹೊರಳಿಸಿ ನೋಡಿ, "ವೈನಿ ಇದ್ದಿದ್ರ ಒಂದು ನಿಮಿಷದ ಕೆಲಸ," ಎನ್ನುತ್ತಿದ್ದರು. ಜಾಗ ನನಗೆ ಸಿಕ್ಕಿತು, ಕಾಯುವುದು ಅವಳನ್ನೇ. ಅದಲುಬದಲನ್ನು ಸರಿಮಾಡಲು ಎಷ್ಟೋ ಅವಕಾಶಗಳಿದ್ದವು. ಮಾಡಿದ್ದರೆ ಅವಳು ಮರಳಿ ಬರುತ್ತಿದ್ದಳು. ಮಾಡಲಿಲ್ಲ.

ಅಜ್ಜ ಹೋದಾಗ ಹದಿಮೂರು ದಿನ ನನ್ನ ಪಕ್ಕದಲ್ಲಿ ಕೂತು ತುತ್ತು ಮಾಡಿ ಉಣಿಸಿದವಳು ಅವಳೇ. ಆಗಲೂ ಹೇಳಲಿಲ್ಲ. ಮೊನ್ನೆ ರವಿವಾರವೂ ಅವ್ವಿ, ನೀನು "ದೊಡ್ಡಜ್ಜಿ ಇಂಗ್ಲಿಷ್ ಎಷ್ಟು ಛಲೋ ಓದ್ತಾಳ" ಅಂದಾಗ ನನ್ನ ಹೊಟ್ಟೆ ಮತ್ತೆ ಉರಿಯಿತು. ಈ ವಯಸ್ಸಿನಲ್ಲೂ. ಆದರೆ ಅವಳು ಕಟ್ಟೆಯ ಮೇಲೆ ಒಬ್ಬಳೇ ಕೂತದ್ದನ್ನು ನೋಡಿದ ಮೇಲೆ ಅವತ್ತು ಊಟ ಸೇರಲಿಲ್ಲ.

ಆ ಎರಡು ರೆಕಾರ್ಡುಗಳು ಇಂದಿಗೂ ಒಂದರ ಕವರಿನಲ್ಲಿ ಇನ್ನೊಂದಿವೆ. ಅಜ್ಜನ ಬರಹದಲ್ಲಿ ತಪ್ಪಿರುವುದು ಆ 'ಸಾದಾ' ಒಂದೇ, ಅದು ನನ್ನದು. ಅಕ್ಷರ ಅವರದು, ಹೊಡೆದು ಹಾಕಬೇಡಿ. ಅದೇ ಪುಟದ ನಡುವೆ ಈ ಹಾಳೆಗಳನ್ನಿಟ್ಟು ಜೋಪಾನ ಮಾಡಿ, ಕಳೆಯಬೇಡಿ. ಬರುವ ಸೋಮವಾರ ಇವನ್ನು ದೊಡ್ಡಜ್ಜಿಗೆ ನಾನೇ ಓದಿ ಹೇಳಬೇಕೆಂದಿದ್ದೇನೆ. ನನ್ನ ದನಿ ಏಳದಿದ್ದರೆ ಹಾಳೆಗಳನ್ನು ಅವಳ ಕೈಗೇ ಕೊಟ್ಟುಬಿಡಿ. ಕನ್ನಡವನ್ನೂ ಅವಳು ನನಗಿಂತ ಚೆನ್ನಾಗಿ ಓದುತ್ತಾಳೆ.