ದೊಡ್ಡವ್ವನ ಇಡ್ಲಿ ಬಟ್ಟೆ

ದೊಡ್ಡವ್ವನ ಕೈಗಳಿಗೆ ಎರಡು ಬಣ್ಣ. ಮಣಿಕಟ್ಟಿನ ತನಕ ಬಳ್ಳಾರಿ ಬಿಸಿಲಿಗೆ ಕಾದ ಕಪ್ಪು. ಅಲ್ಲಿಂದ ಮುಂದೆ ಬೆರಳುಗಳು ಮಾತ್ರ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು, ಬಾವಿಯಲ್ಲಿ ಬಹಳ ಹೊತ್ತು ಈಜಿ ಮೇಲೆ ಬಂದ ಮಕ್ಕಳ ಬೆರಳಿನ ಹಾಗೆ. ನಸುಕಿನಿಂದ ಹನ್ನೊಂದು ಗಂಟೆಯವರೆಗೆ ಆ ಬೆರಳು ಒಣಗಿದ್ದನ್ನು ನಾನು ನೋಡಿಲ್ಲ. ಹಬೆಯಿಂದ ತೆಗೆದ ಇಡ್ಲಿ ತಟ್ಟೆಯನ್ನು ಬೋರಲು ಹಾಕುವಳು, ಹಿಟ್ಟಿನಡಿ ಹಾಸಿದ್ದ ಬಟ್ಟೆಯ ಬೆನ್ನಿಗೆ ತಣ್ಣೀರು ಚಿಮುಕಿಸುವಳು, ಒಂದು ತುದಿ ಹಿಡಿದು ಸರ್ರನೆ ಎಳೆಯುವಳು. ಇಡ್ಲಿಗಳು ಹೊಟ್ಟೆಯ ಮೇಲೆ ನೇಯ್ಗೆಯ ಗೆರೆ ಮೂಡಿಸಿಕೊಂಡು ಸಾಲಾಗಿ ಬಿದ್ದಿರುತ್ತಿದ್ದವು. ಅಪ್ಪಿತಪ್ಪಿ ಒಂದು ಹರಿದರೆ ಅದು ಆಕೆಯ ಪಾಲು. ಹರಿದ ಇಡ್ಲಿ ಮಾರುವುದು ಹರಕು ಅಂಗಿ ಹಾಕಿಕೊಂಡು ಮದುವೆಗೆ ಹೋದಂತೆ ಎನ್ನುತ್ತಿದ್ದಳು.

ಆಕೆ ನನಗೆ ಸಂಬಂಧಿಯೇನಲ್ಲ. ಬಳ್ಳಾರಿಯ ಗಾಂಧಿನಗರದ ಒಂದು ತಿರುವಿನಲ್ಲಿ ತಗಡಿನ ಚಪ್ಪರ ಇಳಿಸಿಕೊಂಡು ಇಡ್ಲಿ ಮಾಡುತ್ತಿದ್ದಳು. ತವರು ಸಿರುಗುಪ್ಪದ ಕಡೆ. ಅಕ್ಕಿ ಅಲ್ಲಿಂದಲೇ ಬರಬೇಕು, ಬೇರೆ ಅಕ್ಕಿ ಹಿಟ್ಟಾಗುತ್ತದೆಯೇ ಹೊರತು ಇಡ್ಲಿಯಾಗುವುದಿಲ್ಲ ಎಂಬುದು ಆಕೆಯ ನಂಬಿಕೆ. ಗಂಡ ಬೇಗ ತೀರಿಕೊಂಡಿದ್ದ. ಮಾತೆಲ್ಲ ಕನ್ನಡದಲ್ಲಿ, ಸಿಟ್ಟು ಮಾತ್ರ ತೆಲುಗಿನಲ್ಲಿ. ಊರಿಗೆಲ್ಲ ಆಕೆ ದೊಡ್ಡವ್ವ, ನನಗೂ ದೊಡ್ಡವ್ವ.

ನಾನು ಕುರುಗೋಡಿನವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರಿಲ್ಲ. ಅವ್ವ ಬೆಳಗಾಗುವ ಮೊದಲೇ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದಳು, ನಾನು ಮೊದಲ ಬಸ್ಸಿಗೆ ಬಳ್ಳಾರಿಗೆ. ಕಾಲೇಜಿನ ಬಾಗಿಲು ತೆರೆಯುವ ತನಕ ದೊಡ್ಡವ್ವನ ಬೆಂಚಿನ ಮೂಲೆಯೇ ನನ್ನ ಓದುವ ಕೋಣೆ. ನನ್ನ ಹೆಸರು ಹಿಡಿದು ಆಕೆ ಕರೆದದ್ದು ನೆನಪಿಲ್ಲ. "ಏ ಬಿಎಸ್ಸಿ, ಚಟ್ನಿ ಹಾಕ್ಲೇನು?" ಎರಡು ಇಡ್ಲಿ ಕೇಳಿದರೆ ಮೂರು ಬೀಳುತ್ತಿದ್ದವು. ಇದೇನು ಅಂದರೆ, "ಮೂರನೇದು ತಲಿಗೆ" ಎನ್ನುತ್ತಿದ್ದಳು.

ಪರೀಕ್ಷೆಯ ದಿನಗಳಲ್ಲಿ ಗಿರಾಕಿಗಳು ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. "ಸುಮ್ಕ ತಿನ್ರಿ ಲೇ, ಪರೀಕ್ಷಾ ಐತಿ ಆಕಿಗೆ."

ದಿನಾ ಬರುವ ಆಟೋದವನೊಬ್ಬ ಇದ್ದ, ಬಾಯಿ ಸುಮ್ಮನಿರದವನು. "ಪರೀಕ್ಷಾ ಆಕಿಗೋ ನಮಗೋ ದೊಡ್ಡವ್ವ? ಉಸರಾಡಾಕೂ ಬಿಡವಲ್ಲಿ."

"ನೀ ಉಸರಾಡಿದ್ರೂ ಸಪ್ಳ ಆಕ್ಕೈತಿ, ಅದಕ್ಕ."

ಫಲಿತಾಂಶ ಬಂದ ವಾರ ಇಡ್ಲಿ ತಿನ್ನಲು ಬಂದವರೆಲ್ಲ ಮೊದಲು ನನ್ನ ಅಂಕ ಕೇಳಿಸಿಕೊಂಡು ಆಮೇಲೆ ತಟ್ಟೆ ಪಡೆಯಬೇಕಾಯಿತು. ನಾನೂ ಬೀಗಿದ್ದೆ. ಕಷ್ಟಪಟ್ಟು ಪಡೆದ ಡಿಗ್ರಿ, ಬೀಗಿದ್ದಕ್ಕೆ ಈಗಲೂ ನಾಚಿಕೆಯಿಲ್ಲ. ನಾಚಿಕೆ ಇರುವುದು ಅದೇ ವಾರ ಮಾಡಿದ ಇನ್ನೊಂದು ಕೆಲಸಕ್ಕೆ.

ಇಡ್ಲಿ ಬಟ್ಟೆಗಳನ್ನು ಆಕೆ ದಿನಾ ಕುದಿಸಿ, ಒಗೆದು, ಬಿಸಿಲಿಗೆ ಹಾಕುತ್ತಿದ್ದಳು. ಎಷ್ಟು ಕುದಿಸಿದರೂ ಹಳೆಯ ಬಟ್ಟೆ ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಒಂದು ಬೆಳಿಗ್ಗೆ ಇಸ್ತ್ರಿ ಅಂಗಿಯ ಗಿರಾಕಿಯೊಬ್ಬ ಆ ಬಟ್ಟೆ ತೋರಿಸಿ, "ಇದು ಯಾರ ಪಂಚೆ ಅಮ್ಮಾ?" ಎಂದು ನಕ್ಕ. ದೊಡ್ಡವ್ವ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು. ಚಳಿಗಾಲದಲ್ಲಿ ಸೀಳಿದ್ದ ಆಕೆಯ ಬೆರಳು ಇನ್ನೂ ಪೂರ್ತಿ ಮಾಗಿರಲಿಲ್ಲ. ಬಳ್ಳಾರಿಯಲ್ಲಿ ನಲ್ಲಿಗೆ ನೀರು ಬಂದ ದಿನವೇ ಹಬ್ಬ, ಉಳಿದ ದಿನ ಬಟ್ಟೆ ಒಗೆಯಲು ಕೊಡ ಹೊರಬೇಕು. ನನಗೆ ತಡೆಯಲಾಗಲಿಲ್ಲ. ಬಜಾರಿಗೆ ಹೋಗಿ, ಹೋಟೆಲಿನವರು ಒಯ್ಯುವ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ ತಂದೆ. ತಟ್ಟೆಯ ಅಳತೆಗೆ ನಾನೇ ಕತ್ತರಿಸಿದೆ.

"ಇನ್ಮ್ಯಾಲೆ ಒಗ್ಯಾದು ಬ್ಯಾಡ ದೊಡ್ಡವ್ವ. ಬೇಯ್ಸು, ತಗದು ಬಿಸಾಕಿಬಿಡು."

ಆಕೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಬಿಸಿಗೆ ಏನೂ ಆಗಂಗಿಲ್ಲೇನು?"

"ಏನೂ ಆಗಂಗಿಲ್ಲ. ದೊಡ್ಡ ದೊಡ್ಡ ಹೋಟ್ಲಾಗ ಇದನ್ನ ಹಾಕ್ತಾರ."

"ನೀ ಓದಿದಾಕಿ. ನೀ ಅಂದಮ್ಯಾಲೆ ಮುಗೀತು."

ಪ್ಲಾಸ್ಟಿಕ್ ಹೇಗೆ ಆಗುತ್ತದೆ, ಶಾಖಕ್ಕೆ ಏನಾಗುತ್ತದೆ ಎಂದು ಆ ವರ್ಷವೇ ರಸಾಯನಶಾಸ್ತ್ರದ ಪತ್ರಿಕೆಯಲ್ಲಿ ಬರೆದು ಬಂದಿದ್ದೆ. ಅಂಕವೂ ಬಂದಿತ್ತು. ಪುಸ್ತಕದ ಪ್ಲಾಸ್ಟಿಕ್ಕು, ಗಾಂಧಿನಗರದ ಪ್ಲಾಸ್ಟಿಕ್ಕು ಎರಡೂ ಒಂದೇ ಎಂದು ಹೊಳೆಯಲೇ ಇಲ್ಲ.

ಎರಡು ವರ್ಷ ಹಾಗೇ ನಡೆಯಿತು. ಬೆರಳಿನ ಸೀಳು ಮಾಗಿತು. ನಾನು ಬಿ.ಎಡ್. ಮುಗಿಸಿ ಸಿರುಗುಪ್ಪದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದೆ, ಗಾಂಧಿನಗರದಲ್ಲೇ ಕೋಣೆ ಹಿಡಿದೆ. ಊರಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಮೇಲೆ ಬಿಗಿ ಕ್ರಮ ಶುರುವಾಯಿತು. ಹೂವಿನವಳು ಕವರು ಬಿಟ್ಟು ಎಲೆಗೆ ಬಂದಳು, ಚಹಾದವನು ಗಾಜಿನ ಲೋಟ ತೊಳೆಯಲು ಶುರು ಮಾಡಿದ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಕಕೂಡದು, ಅದು ಆರೋಗ್ಯಕ್ಕೆ ಕೆಡುಕು ಎಂಬ ಸುದ್ದಿಯನ್ನು ಸಿರುಗುಪ್ಪದ ಬಸ್ಸಿನಲ್ಲಿ ಕೂತು ಓದಿದೆ. ಅಂದು ಸಂಜೆಯೇ ಹೇಳಬೇಕಿತ್ತು. ಯಾವ ಬಾಯಿಂದ ಹೇಳಲಿ? ನಾಳೆ ಅಂದುಕೊಂಡೆ. ಮತ್ತೆ ನಾಳೆ ಅಂದುಕೊಂಡೆ. ನಾಲ್ಕನೇ ಬೆಳಿಗ್ಗೆ ಪಾಲಿಕೆಯವರು ಇಬ್ಬರು ಬಂದರು. ನಾನು ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

ಒಬ್ಬರು ಮುಚ್ಚಳ ತೆಗೆದರು. ಹಬೆ ಸರಿದ ಮೇಲೆ ಹಾಳೆ ಮಿಣಮಿಣ ಹೊಳೆಯಿತು.

"ಇದನ್ನ ಹಾಕಾಕ ಯಾರು ಹೇಳಿದ್ರಮ್ಮ ನಿಮಗ?"

ನನ್ನ ಬಾಯಲ್ಲಿ ತುತ್ತು ಹಾಗೇ ನಿಂತಿತು. ದೊಡ್ಡವ್ವ ನನ್ನ ಕಡೆ ತಿರುಗಲೂ ಇಲ್ಲ. ಎರಡೂ ಕೈ ಚಾಚಿ ತೋರಿಸಿದಳು. "ಇವು ಹೇಳಿದ್ವು ಸಾಹೇಬ್ರ. ಬಟ್ಟಿ ಒಗದು ಒಗದು ಸೀಳಿ ರಗತ ಬರ್ತಿತ್ತು. ತೆಪ್ಪು ನಂದು."

ಅವರು ಒರಟರೇನಲ್ಲ. ಹಾಳೆ, ಕವರು ಎಲ್ಲ ಕಟ್ಟಿಕೊಂಡರು, ಬೆಂದ ಇಡ್ಲಿ ಚೆಲ್ಲಿಸಿದರು, ದಂಡದ ಚೀಟಿ ಬರೆದರು, ಇನ್ನೊಮ್ಮೆ ಕಂಡರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದರು. ಅವರು ಹೊರಟಾಗ ದೊಡ್ಡವ್ವ ಪಕ್ಕದ ಅಂಗಡಿಯಲ್ಲಿ ತೂಗುತ್ತಿದ್ದ ಚಿಪ್ಸ್ ಪೊಟ್ಟಣಗಳ ಸರ ತೋರಿಸಿ, "ಅವು ಯಾತರಿಂದ ಮಾಡ್ಯಾವ್ರಿ? ಅವನ್ನೂ ಒಯ್ತೀರೇನು?" ಎಂದು ಕೇಳಿದಳು. ಅವರಲ್ಲಿ ಕಿರಿಯವನು ನಕ್ಕುಬಿಟ್ಟ. ಹಿರಿಯವರು ಚೀಟಿ ಪುಸ್ತಕವನ್ನು ಚೀಲಕ್ಕೆ ತುರುಕಿ ಮುಂದೆ ನಡೆದರು.

ಅವರು ಹೋದ ಮೇಲೆ ನಾನು, "ತಂದುಕೊಟ್ಟಾಕಿ ನಾನು. ನನ್ನ ಹೆಸರ್ಯಾಕ ಹೇಳ್ಲಿಲ್ಲ ದೊಡ್ಡವ್ವ?" ಎಂದೆ.

"ಅಂಗಡಿ ಯಾರ್ದು?"

"ನಿಂದು."

"ಮತ್ತ? ಹೊಸ ನೌಕರಿ, ಸಾಲಿ ಮಾಸ್ತರಿಕಿ. ನಿನ್ ಹೆಸರು ಹೇಳಿದ್ರ ಚೆಲ್ಲಿದ ಇಡ್ಲಿ ತಟ್ಟಿಗೆ ಬರ್ತಾವೇನು? ಬಸ್ಸಿಗೆ ಹೊತ್ತಾತು, ನಡಿ."

ಮರುದಿನ ಹೊಸ ಬಟ್ಟೆ ಬಂತು. ನಾನು ಆಗಲೂ ಒಂದು ಬುದ್ಧಿಮಾತು ಹೇಳಿದೆ, ಕಲಿತವರ ಚಟ. "ಏನೂ ಹೇಳಾಕ ಹೋಗಬ್ಯಾಡ. ಬಟ್ಟಿ ಹಾಕ್ಕಂತ ಹೋಗು, ಜನ ಮರೀತಾರ."

ದೊಡ್ಡವ್ವ ಕೇಳಲಿಲ್ಲ. ಬಂದ ಒಬ್ಬೊಬ್ಬ ಗಿರಾಕಿಗೂ ತಟ್ಟೆ ಕೊಡುವ ಮೊದಲು ಹೇಳಿದಳು. "ಎರಡ್ ವರ್ಸ ಪ್ಲಾಸ್ಟಿಕ್ ಹಾಳಿ ಮ್ಯಾಲೆ ಬೇಯ್ಸಿ ನಿಮಗ ತಿನ್ನಿಸೀನಿ. ತಿಳೀದ ಮಾಡೀನಿ. ಇವತ್ತಿಂದ ಬಟ್ಟಿ. ತಿನ್ನೋರು ತಿನ್ರಿ, ಒಲ್ಲೆ ಅನ್ನೋರು ಹೋಗ್ರಿ, ನಾ ಬ್ಯಾಸರ ಮಾಡ್ಕಳಂಗಿಲ್ಲ."

ಮಗಳನ್ನು ಕರೆದುಕೊಂಡು ದಿನಾ ಬರುತ್ತಿದ್ದ ಒಬ್ಬರು ತಟ್ಟೆ ಮುಟ್ಟದೆ ಹಾಗೇ ತಿರುಗಿ ಹೋದರು, ಮತ್ತೆ ಬರಲಿಲ್ಲ. ಅವರು ಹೋದ ದಾರಿಯನ್ನೇ ದೊಡ್ಡವ್ವ ಬಹಳ ಹೊತ್ತು ನೋಡಿದಳು. ಆಗ ಆಟೋದವನು ಹೊಟ್ಟೆ ತಟ್ಟಿಕೊಂಡ. "ಅದಕ್ಕಾ ಈ ಮಳಿಗಾಲದಾಗ ನನ್ ಹೊಟ್ಟಿ ಸೋರ್ಲಿಲ್ಲ ನೋಡು ದೊಡ್ಡವ್ವ. ಹಾಕು ನಾಲ್ಕು." ಅಂದು ಮೊದಲು ತಿಂದವನು ಅವನೇ.

ಅರ್ಧಕ್ಕರ್ಧ ವ್ಯಾಪಾರ ಇಳಿಯಿತು. ಪಾರ್ಸೆಲ್ಲಂತೂ ನಿಂತೇ ಹೋಯಿತು. ಕವರು ಇಲ್ಲ ಅಂದರೆ ಜನ ಮುಂದಿನ ಬಂಡಿಗೆ ಹೋಗುತ್ತಿದ್ದರು, ಅಲ್ಲಿ ಕದ್ದು ಕೊಡುತ್ತಿದ್ದರು. "ಡಬ್ಬಿ ತಂದಿಲ್ಲೇನು? ಕುಂತು ತಿನ್ನು. ಯಾರ್ ಬೆನ್ನ ಹತ್ಯಾರ ನಿನಗ?" ಎಂದು ಕೂರಿಸುತ್ತಿದ್ದಳು. ಸಣ್ಣವರ ಅಂಗಡಿಗೆ ಕಾನೂನು ಬರುವಾಗ ಬರೀ ಬೇಡ ಅನ್ನುವುದನ್ನು ಹೊತ್ತು ಬರುತ್ತದೆ, ಬದಲಿಗೆ ಏನು ಅನ್ನುವುದನ್ನು ಅವರೇ ಹುಡುಕಿಕೊಳ್ಳಬೇಕು. ಕಾನೂನು ತಪ್ಪು ಎನ್ನಲಾರೆ, ದೊಡ್ಡವ್ವನೂ ಅನ್ನಲಿಲ್ಲ. ಆದರೆ ಆಕೆಯ ಬೆರಳು ಮತ್ತೆ ಸೀಳಿದವು. ಭಾನುವಾರ ನಾನು ಹೋಗಿ ಬಟ್ಟೆ ಒಗೆಯಲು ಕೂತರೆ ಮೊದಮೊದಲು ಬೈದಳು. "ಇದಕ್ಕೇನು ಡಿಗ್ರಿ ಓದಿದ್ದು?" ಆಮೇಲೆ ಕೊಡ ಈ ಕಡೆ ನೂಕುತ್ತಿದ್ದಳು. ತಿಂಗಳುಗಳು ಕಳೆದಂತೆ ಕೆಲವರು ಮರಳಿ ಬಂದರು. ತನ್ನ ತಪ್ಪು ತಾನೇ ಹೇಳಿದವಳ ಕೈಯ ಊಟ ನಂಬಬಹುದು ಎಂದು ಮುದುಕರೊಬ್ಬರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಈ ಸಂಕ್ರಾಂತಿ ಕಳೆದ ವಾರ ದೊಡ್ಡವ್ವ ತೀರಿಕೊಂಡಳು. ರಾತ್ರಿ ಅಕ್ಕಿ ನೆನೆಸಿಟ್ಟು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಮಣ್ಣಿಗೆ ಒಯ್ಯುವಾಗ ಮೊದಲು ಹೆಗಲು ಕೊಟ್ಟವನು ಆಟೋದವನು.

ಅದಕ್ಕೆ ಕೆಲವು ತಿಂಗಳ ಮೊದಲು, ದಸರಾ ಮುಗಿದ ಮೊದಲ ಭಾನುವಾರ, ಅಂಗಡಿಗೆ ಒಬ್ಬ ಮಾರಾಟದ ಹುಡುಗ ಬಂದಿದ್ದ. ಕೈಯಲ್ಲಿ ಹೊಸ ನಮೂನೆಯ ಹಾಳೆ, ಮೂಲೆಯಲ್ಲಿ ಹಸಿರು ಎಲೆಯ ಚಿತ್ರ. ಇದು ಪ್ಲಾಸ್ಟಿಕ್ ಅಲ್ಲ, ಹಬೆಗೆ ಏನೂ ಆಗುವುದಿಲ್ಲ, ಮಣ್ಣಿಗೆ ಹಾಕಿದರೆ ಆರು ತಿಂಗಳಲ್ಲಿ ಮಣ್ಣಾಗುತ್ತದೆ, ಕೈ ನೋಯಿಸಿಕೊಳ್ಳುವುದು ತಪ್ಪುತ್ತದೆ ಎಂದ. ದೊಡ್ಡವ್ವ ಹಾಳೆ ಇಸಿದುಕೊಂಡು, ಬಟ್ಟೆ ಒಗೆಯುತ್ತಿದ್ದ ನನ್ನ ಮುಂದೆ ಹಿಡಿದಳು.

"ಬಿಎಸ್ಸಿ, ನೋಡಿ ಹೇಳು. ಹಾಕಬೌದೇನು?"

ಅಷ್ಟೆಲ್ಲ ಆದ ಮೇಲೂ ಆಕೆ ನನ್ನನ್ನೇ ಕೇಳಿದಳು. ಆಕೆಯ ಬೆರಳು ನೋಡಿದೆ, ಹೂಂ ಅನ್ನಬೇಕೆನಿಸಿತು. "ನನಗ ಗೊತ್ತಿಲ್ಲ ದೊಡ್ಡವ್ವ. ತಿಳಕೊಂಡು ಹೇಳ್ತೀನಿ" ಎಂದೆ.

"ಆತು." ಹುಡುಗನ ಕಡೆ ತಿರುಗಿದಳು. "ನಮ್ ಹುಡುಗಿಗೆ ಗೊತ್ತಿಲ್ಲಂತಪ್ಪ. ಗೊತ್ತಾದ ಮ್ಯಾಲೆ ಬಾ." ಅವನು ಮತ್ತೆ ಬಾಯಿ ತೆಗೆದಾಗ ತೆಲುಗು ಬಂತು. "ಚಾಲಯ್ಯಾ, ಚಾಲು!" ಸಾಕು ಎಂದ ಮೇಲೆ ಅವನಿಗೆ ಬೇರೆ ದಾರಿಯಿರಲಿಲ್ಲ. ಒಂದು ಹಾಳೆ ನನಗೆ ಬಿಟ್ಟು ಹೋದ.

ಅದನ್ನು ಶಾಲೆಗೆ ಒಯ್ದೆ. ಮಕ್ಕಳ ಜೊತೆ ಒಂದು ಕುಂಡದ ಮಣ್ಣಿನಲ್ಲಿ ಹೂತು, ದಿನ ಬರೆದಿಟ್ಟು, ನೀರು ಹಾಕುತ್ತ ಬಂದೆವು. ಯುಗಾದಿ ಹಬ್ಬ ಮುಗಿದು ಎರಡು ಮೂರು ವಾರಕ್ಕೆ ಆರು ತಿಂಗಳು ತುಂಬಿತು. ಕುಂಡ ಬೋರಲು ಹಾಕಿ ಮಣ್ಣು ಜಾಡಿಸಿದೆವು. ಹಾಳೆ ಹಾಗೇ ಇತ್ತು. ಹಸಿರು ಎಲೆಯ ಚಿತ್ರ ಕೂಡ ಮಾಸಿರಲಿಲ್ಲ.

"ಬ್ಯಾಡ ದೊಡ್ಡವ್ವ" ಎಂದೆ.

ಮಕ್ಕಳು ನನ್ನ ಮುಖ ನೋಡಿದರು.