ಹುಳುಗಳ ಮಾವ

ಪ್ರಯೋಗಾಲಯದ ಹಿರಿಯ ವಿಜ್ಞಾನಿಗೆ ಹುಡುಗರು ಇಟ್ಟ ಹೆಸರು ಹುಳುಗಳ ಮಾವ. ಬೇರಿಗೆ ಗಂಟು ಕಟ್ಟಿಸಿ ಗಿಡ ಸೊರಗಿಸುವ, ಕಣ್ಣಿಗೆ ಕಾಣದ ಹುಳುಗಳನ್ನು ಕೊಲ್ಲುವುದೇ ಅವರ ಕೆಲಸ. ಆದರೆ ಕೊಂದು ನೋಡಲು ಮೊದಲು ಸಾಕಬೇಕಲ್ಲ, ಹಾಗಾಗಿ ಕಿಟಕಿಯ ಕುಂಡದಲ್ಲಿ ಅವಕ್ಕೆ ಹೊಸ ಅಳಿಯನ ಉಪಚಾರ. ರಜೆಯಲ್ಲೂ ಬಂದು ನೀರುಣಿಸಿ, ಎಳೆಯ ಟೊಮೆಟೊ ಸಸಿಯನ್ನೇ ಬಡಿಸುತ್ತಾರೆ. "ನಂಗೆ ಜ್ವರ ಬಂದಾಗ ಒಂದು ಲೋಟ ಬಿಸಿನೀರು ಕೊಟ್ಟವರಲ್ಲ," ಎಂದು ಹೆಂಡತಿಯ ದೂರು. ಯಾರ ಮನೆಗೆ ಹೋದರೂ ಕ್ಷೇಮ ಕೇಳುವ ಮೊದಲೇ ಗಿಡ ಕಿತ್ತು ಬೇರು ನೋಡುತ್ತಾರೆ. ಬೀಗರ ಗುಲಾಬಿ ಹೀಗೇ ಹೋಯಿತು, ಹಿಂದೆಯೇ ಬೀಗರ ಮಾತೂ ನಿಂತಿತು. ಹುಳು ಕೊಲ್ಲುವ ಬ್ಯಾಕ್ಟೀರಿಯಾದ ವಿಷದ ಜೀನನ್ನು ಟೊಮೆಟೊ ಬೇರಿಗೆ ಸೇರಿಸುವ ಪಾಡಿನಲ್ಲಿ ಉದುರಿದ ಅವರ ಕೂದಲಲ್ಲಿ ಜೋಡಿ ಹಾಸಿಗೆ ಹೊಲಿಸಬಹುದಿತ್ತು. ಈ ಸಲವೂ ಬೇರಲ್ಲಿ ಗಂಟು ಕಂಡರೆ ಕೆಲಸ ನಿಲ್ಲಿಸಿಬಿಡಿ ಎಂದಿದ್ದರು ಮೇಲಿನವರು. ಮೊನ್ನೆ ಕಿತ್ತ ಬೇರು ಹಸುಗೂಸಿನ ಕೂದಲಿನಷ್ಟು ನಯವಾಗಿತ್ತು; ಅದನ್ನು ಹೀರಿದ ಹುಳುಗಳೆಲ್ಲ ಸತ್ತಿದ್ದವು. ಹುಡುಗರು ಚಪ್ಪಾಳೆ ತಟ್ಟಿ ತಿರುಗಿದರೆ ಮಾವನೇ ಇಲ್ಲ. ಮನೆಗೆ ಕರೆದೊಯ್ಯಲು ಬಂದ ಹೆಂಡತಿ ಹುಡುಕಿದಾಗ, ಅವರು ಕಿಟಕಿಯ ಕುಂಡದ ಹುಳುಗಳಿಗೆ ವಿಷವಿಲ್ಲದ ಹೊಸ ಸಸಿ ನೆಡುತ್ತಿದ್ದರು. "ಗೆದ್ದಾಯ್ತಲ್ಲ, ಇನ್ನೂ ಯಾಕ್ರೀ ಇವಕ್ಕೆ ಊಟ?" "ಇಷ್ಟು ವರ್ಷ ನನ್ನ ಕೈಯಲ್ಲೇ ಉಂಡಿದ್ದಾವೆ ಕಣೇ," ಎಂದರು ಮಾವ, "ಗೆದ್ದ ದಿನವೇ ಉಪವಾಸ ಕೆಡವೋದು ಹೇಗೆ?" ಹೆಂಡತಿ ಈ ಸಲ ಹಂಗಿಸಲಿಲ್ಲ, ನೀರಿನ ಚೊಂಬನ್ನು ಎತ್ತಿಕೊಟ್ಟರು.